ಏಳನೆಯ ಸಾಲಿನ ಕಣ್ಣು

ಶನಿವಾರ ಮಧ್ಯಾಹ್ನ ಕೊನೆಯ ಪರದೆಯ ಹಗ್ಗ ಬಿಗಿದಾದ ಮೇಲೆ ರೊಮಾನಿ ಗ್ಯಾಸ್ ದೀಪಗಳ ತಿರುಪು ಏರಿಸಿ, ಬಣ್ಣದ ಕೈಯನ್ನು ಮುಂಡಂಗಿಗೆ ಒರೆಸಿಕೊಳ್ಳುತ್ತ ಪ್ರೇಕ್ಷಕರ ಏಳನೆಯ ಸಾಲಿಗೆ ಬಂದಳು. ನಡುಗುರ್ಚಿಯಲ್ಲಿ ಕೂತಳು. ಕಣ್ಣು ಮುಚ್ಚಿ, ಚಿತ್ರ ಬರೆಯುವವರನ್ನು ಕಾಯುವ ಸಂತ ಲೂಕನನ್ನು ನೆನೆದು, ತೆರೆದು ರಂಗದ ಕಡೆ ನೋಡಿದಳು. ಏಳು ವಾರ ಬಗ್ಗಿ ಬಗ್ಗಿ ತಾನು ಬರೆದ ಕನ್ಯಾಮಠದ ಗೋಡೆ ಆರು ತುಂಡಾಗಿ ನಿಂತಿತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆರೇ ತುಂಡು. ಹಲ್ಲುದುರಿದ ಬಾಚಣಿಗೆಯ ಹಾಗೆ.

ಅದು ಹಾಗೆ ಕಾಣಬಾರದಾಗಿತ್ತು. ಆ ಗೋಡೆ ರಂಗದ ಎಡಗಡೆಯ ಮೊದಲ ಪಕ್ಕದ ಪರದೆಯಲ್ಲಿ ಶುರುವಾಗಿ, ಒಂದರ ಹಿಂದೊಂದು ನಿಂತ ಐದು ಪರದೆಗಳನ್ನು ದಾಟಿ, ಹಿಂಬದಿಯ ದೊಡ್ಡ ಪರದೆಯಲ್ಲಿ ಮಂಜಿನೊಳಗೆ ಕರಗಬೇಕು. ಪರದೆಗಳ ನಡುವೆ ಆಳುದ್ದದ ಸಂದು ಇದ್ದರೂ ನೋಡುವವರಿಗೆ ಒಂದೇ ಗೋಡೆ, ಒಂದೇ ಅಂಚು, ಮುನ್ನೂರು ಅಡಿ ಉದ್ದ. ರಂಗದ ಆಳ ಮಾತ್ರ ಇಪ್ಪತ್ತೆಂಟು ಅಡಿ. ಈ ಸುಳ್ಳನ್ನು ನಿಜ ಮಾಡುವುದಕ್ಕೆ ಪರದೆ ಬರೆಯುವವರು ಮೊದಲು ಒಂದು ಕಣ್ಣು ನೆಡುತ್ತಾರೆ. ಏಳನೆಯ ಸಾಲಿನ ನಡುಗುರ್ಚಿಯಲ್ಲಿ ಒಬ್ಬರನ್ನು ಕೂರಿಸಿ, ದಾರದ ತುದಿಯನ್ನು ಅವರ ಕಣ್ಣಿನ ಪಕ್ಕದ ಮೂಳೆಗೆ ಒತ್ತಿಸಿ, ಇನ್ನೊಂದು ತುದಿಯನ್ನು ರಂಗಕ್ಕೆ ಎಳೆದು, ಒಂದೊಂದು ಪರದೆ ನಿಲ್ಲುವ ಜಾಗದಲ್ಲೂ ಅಳತೆ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಬರೆಯುವುದೆಲ್ಲ ಆ ಒಂದು ಕಣ್ಣಿಗಾಗಿ. ಅಕ್ಕಪಕ್ಕದಲ್ಲಿ ಕೂತವರಿಗೆ ಗೆರೆ ಕೊಂಚ ಜಗ್ಗಿದ ಹಾಗೆ ಕಾಣುವುದು ಇದ್ದದ್ದೇ. ಅದಕ್ಕಾಗಿ ಬುದ್ಧಿವಂತರು ಸಂದು ಸಂದಿನಲ್ಲೂ ಒಂದು ಮರ ನೆಡುತ್ತಾರೆ, ಇಲ್ಲವೇ ಗೋಡೆಗೆ ಬಳ್ಳಿ ಹಬ್ಬಿಸುತ್ತಾರೆ. ಮರ ಎಂಥ ಪಾಪವನ್ನಾದರೂ ಮುಚ್ಚುತ್ತದೆ.

ರೊಮಾನಿ ಒಂದು ಮರವನ್ನೂ ನೆಟ್ಟಿರಲಿಲ್ಲ. ಒಂದು ಎಲೆಯನ್ನೂ ಬರೆದಿರಲಿಲ್ಲ. ಸೋದರಮಾವ ಸೆರಾಫೈನ್ ಎರಡು ಸಲ ಹೇಳಿದ್ದ, "ಒಂದು ಮರ ಹಾಕೇ ಕೂಸೇ, ಮರಕ್ಕೇನು ಊಟ ಹಾಕ್ಬೇಕಾ?" ಅವಳು ಜಂಬದಿಂದ, "ಮರ ನೆಡೋರು ಹೆದರುಪುಕ್ಕಲರು ಮಾವ. ನಂದು ಬೋಳು ಗೋಡೆ. ಬೋಳಾಗೇ ನಿಲ್ಲುತ್ತೆ," ಎಂದಿದ್ದಳು.

ಜಂಬಕ್ಕೂ ಕಾರಣವಿತ್ತು. ವಾರ್ಡೆಗೆಮ್ ಊರಿನ ನಾಟಕಶಾಲೆಯ ಅಟ್ಟದಲ್ಲಿ ಇಪ್ಪತ್ತೆರಡು ವರ್ಷ ಮೊಲದ ತೊಗಲು ಬೇಯಿಸಿ ಬಣ್ಣಕ್ಕೆ ಬೆರೆಸುವ ಅಂಟು ಕಾಯಿಸಿದವಳು ಅವಳು. ಬಣ್ಣ ಅರೆದವಳು ಅವಳು. ನೆಲದ ಮೇಲೆ ಹಾಸಿದ ಪರದೆಯ ಮೇಲೆ ಬರೀ ಕಾಲುಚೀಲದಲ್ಲಿ ನಡೆದಾಡುತ್ತ, ಪೊರಕೆಯಷ್ಟುದ್ದ ಕೋಲಿನ ಕುಂಚದಲ್ಲಿ ಕಾಡು, ಕಡಲು, ಅರಮನೆ, ಜೈಲು ಬರೆದವಳೂ ಅವಳೇ. ಮೂಲೆಯಲ್ಲಿ ಹೆಸರು ಮಾತ್ರ ಸೆರಾಫೈನನದು. ಅವನಿಗೀಗ ಎಪ್ಪತ್ತನಾಲ್ಕು, ಕಣ್ಣೊಳಗೆ ಹಾಲು ಹನಿಸಿದ ಹಾಗೆ ಪೊರೆ. ಬರುವ ಸಂತ ಲೂಕನ ಹಬ್ಬಕ್ಕೆ ಅಟ್ಟದ ಬೀಗದ ಕೈ ಬಿಟ್ಟುಕೊಡಬೇಕು. ಯಾರಿಗೆ ಎಂಬುದೇ ಪ್ರಶ್ನೆ. ಊರಿನ ಕಾಡುಗುಲಾಬಿ ನಾಟಕ ಬಳಗದ ಅಧ್ಯಕ್ಷ ಹೆಕ್ಟರ್, ಬಿಯರ್ ಕಾಯಿಸುವವನು, ಆನೆಗಾತ್ರದ ಆಸಾಮಿ, ಎಲ್ಲರೆದುರಿಗೆ ಹೇಳಿಬಿಟ್ಟಿದ್ದ:

"ನೋಡಮ್ಮ ರೊಮಾನಿ, ನಾಟಕದ ಪಂದ್ಯಕ್ಕೆ ಗೆಂಟ್ ಪಟ್ಟಣದಿಂದ ತೀರ್ಪುಗಾರರು ಬರ್ತಾರಲ್ಲ, ಅವರು ನಿನ್ ಪರದೆ ಬಗ್ಗೆ ಒಂದು, ಒಂದೇ ಒಂದು ಒಳ್ಳೆ ಮಾತಾಡ್ಲಿ, ಬೀಗದ ಕೈ ನಿಂದು. ಇಲ್ದಿದ್ರೆ ನನ್ನ ಭಾವಮೈದ ಇದ್ದಾನೆ. ಅಚ್ಚು ಹಾಕಿದ ಕಾಗದ ತಂದು ಹಲಗೆಗೆ ಅಂಟಿಸ್ತಾನೆ. ಒಂದೇ ದಿನದಲ್ಲಿ ಇಡೀ ರೋಮ್ ನಗರ ಎದ್ದು ನಿಲ್ಲುತ್ತೆ."

ಆ ತೀರ್ಪುಗಾರರು ನಾಳೆ ಮೂರು ಗಂಟೆಗೆ ಬಂದು, ರೂಢಿಯ ಪ್ರಕಾರ, ಈಗ ರೊಮಾನಿ ಕೂತ ಇದೇ ಕುರ್ಚಿಯಲ್ಲಿ ಕೂರುವವರಿದ್ದರು.

ಸೆರಾಫೈನ್ ಪಕ್ಕದ ಬಾಗಿಲಿನಿಂದ ಬಂದ. ಒಂದು ಕೈಯಲ್ಲಿ ರೈ ರೊಟ್ಟಿ, ಇನ್ನೊಂದು ಕೈಯಲ್ಲಿ ಉಪ್ಪುಮೀನು. ರಂಗದ ಕಡೆ ಮುಖ ಮಾಡಿ, "ಆಹಾ! ಎಂಥ ಗೋಡೆ!" ಎಂದ.

"ನಿಮಗೆ ಏನು ಕಾಣ್ತಿದೆ ಮಾವ?"

"ಏನೋ ಬೂದಿ ಬಣ್ಣದ್ದು. ಚೆನ್ನಾಗಿದೆ."

ರೊಮಾನಿಗೆ ಅಳು ಬರಬೇಕಿತ್ತು, ಬಂದದ್ದು ಬಿಕ್ಕಳಿಕೆ. ಬಿಕ್ಕುತ್ತ ಎದ್ದು ನಿಂತಳು. ನಿಂತದ್ದೇ ತಡ, ಗೋಡೆಯ ತುಂಡುಗಳು ಒಂದರ ಕಡೆಗೊಂದು ಸರಿದ ಹಾಗಾಯಿತು. ಕೂತಳು, ಮುರಿಯಿತು. ನಿಂತಳು, ಹತ್ತಿರ ಬಂತು, ಬಂದು ಕೊಂಚ ದಾಟಿಯೇ ಹೋಯಿತು. ಅರೆಬಗ್ಗಿ ನಿಂತಳು, ಶೌಚಕ್ಕೆ ಕೂರಲು ಹೊರಟವಳ ಹಾಗೆ. ಇನ್ನಷ್ಟು ಹತ್ತಿರ. ಅದೇ ಭಂಗಿಯಲ್ಲಿ ಏಡಿಯಂತೆ ಎಡಕ್ಕೆ ಎರಡು ಕುರ್ಚಿ ದಾಟಿದಳು. ಆರೂ ತುಂಡು ಟಕ್ಕನೆ ಕೂಡಿಕೊಂಡವು! ಬೋಳು ಗೋಡೆ ಒಂದೇ ಏಟಿಗೆ ಮುನ್ನೂರು ಅಡಿ ಓಡಿ ಮಂಜಿನೊಳಗೆ ಹೊಕ್ಕಿತು. ಅದರ ನೆತ್ತಿಯ ಮೇಲಿನ ಪಾಚಿ ಸಹ ನಿಜದ ಪಾಚಿಯಾಯಿತು. ಹತ್ತಿರ ಹೋಗಿ ನೋಡಿದರೆ ಅದು ಸ್ಪಂಜು ಒತ್ತಿದ ಹಸಿರು ಕಲೆ, ಅಷ್ಟೆ.

"ಮಾವ," ಎಂದಳು, ಭಂಗಿ ಬಿಡದೆ, "ಆ ದಿನ ಕಣ್ಣಿನ ದಾರ ಹಿಡಿದುಕೊಂಡ್ರಲ್ಲ, ನೀವು ಕೂತಿದ್ದು ಯಾವ ಕುರ್ಚಿ?"

"ಕುರ್ಚಿ ಎಲ್ಲಿತ್ತೇ? ಆಗಸ್ಟ್ ಹದಿನೈದು, ಮರಿಯಾ ಮಾತೆಯ ಹಬ್ಬ. ಪಾರಿವಾಳದೋರ ಪ್ರದರ್ಶನ ಇತ್ತಲ್ಲ. ಕುರ್ಚಿ ಎಲ್ಲಾ ಹಿತ್ತಲಲ್ಲಿ ರಾಶಿ ಬಿದ್ದಿತ್ತು."

"ಮತ್ತೆ ಎಲ್ಲಿ ಕೂತ್ರಿ?"

"ಏಳನೇ ಕಂಬದ ನೇರಕ್ಕೆ, ಲೆಕ್ಕ ಹಾಕೇ ಕೂತೆ. ಕಸಾಯಿ ಮೆದಾರ್ಡ್‌ನ ಬೆತ್ತದ ಗೂಡು ಮೂರು ಒಂದರ ಮೇಲೊಂದು ಇತ್ತು. ಅದರ ಮೇಲೆ. ಒಳ್ಳೆ ಮೆತ್ತಗಿತ್ತು ಕಣೇ."

ರೊಮಾನಿ ಎರಡು ಕುರ್ಚಿಗಳ ನಡುವೆ ಕುಸಿದಳು. ಆ ದಿನ ಅವಳು ರಂಗದ ಮೇಲಿದ್ದಳು. ಸಭಾಂಗಣದ ತುಂಬ ಗೂಡುಗಳ ಗೋಪುರ, ನಡುವೆ ಮಾವನ ಮೂಗೊಂದೇ ಹೊಳೆಯುತ್ತಿತ್ತು. ದಾರ ಬಿಗಿಯಾಗಿದೆಯೇ ಎಂದು ನೋಡಿದ್ದಳೇ ಹೊರತು, ಮೂಗು ಎಷ್ಟು ಎತ್ತರದಲ್ಲಿದೆ ಎಂದು ನೋಡಿರಲಿಲ್ಲ. ಏಳು ವಾರದ ಕೆಲಸ, ಇಪ್ಪತ್ತೆರಡು ವರ್ಷದ ಆಸೆ, ಎಲ್ಲವೂ ಪಾರಿವಾಳದ ಗೂಡಿನ ಮೇಲೆ ಕೂತಿತ್ತು. ಅವಳ ಹೊಟ್ಟೆಯೊಳಗಿಂದ ಬುರ್ರೆಂದು ನಗು ಬಂತು. ನಗುವ ಹೊತ್ತಲ್ಲ ಎಂದು ಬಾಯಿ ಮುಚ್ಚಿಕೊಂಡರೆ ಮೂಗಿನಿಂದ ಬಂತು. ಸೆರಾಫೈನನೂ ನಕ್ಕ, ಕಾರಣ ಗೊತ್ತಿಲ್ಲದಿದ್ದರೂ.

"ನೀವ್ಯಾಕೆ ನಗ್ತೀರಿ?"

"ನೀನು ನಗ್ತಿದ್ದೀಯಲ್ಲ, ಅದಕ್ಕೆ. ಏನಾಯ್ತು ಹೇಳು."

ಹೇಳಿದಳು. ಮುದುಕನ ಬಾಯಲ್ಲಿದ್ದ ಮೀನು ಹೊರಕ್ಕೆ ಬಂತು. "ಅಯ್ಯೋ ಮಾತೆ ಮರಿಯಾ! ಇನ್ನು ಮರ ನೆಡ್ಬೇಕು ಅಂದ್ರೆ..."

"ಅಂಟು ಕಾಯಿಸಿ, ಬರೆದು, ಒಣಗೋಕೆ ಎರಡು ದಿನ ಬೇಕು. ಇರೋದು ಒಂದು. ಗೋಡೆ ಸರಿ ಮಾಡೋಕೆ ಆಗಲ್ಲ ಮಾವ. ತೀರ್ಪುಗಾರರನ್ನೇ ಸರಿ ಮಾಡ್ಬೇಕು."

ಕಸಾಯಿ ಮೆದಾರ್ಡ್ ಹಿತ್ತಲಲ್ಲಿ ತಗಡಿನ ಕವಚ ತೊಟ್ಟುಕೊಂಡು ಮಾತು ಬಾಯಿಪಾಠ ಮಾಡುತ್ತಿದ್ದ. ನಾಟಕದಲ್ಲಿ ಅವನೇ ನಾಯಕ, ಹನ್ನೆರಡು ವರ್ಷದ ಮೇಲೆ ಯುದ್ಧದಿಂದ ಮರಳುವ ಸಾಮಂತ. ಹೆಂಡತಿ ಅಷ್ಟರಲ್ಲಿ ಸನ್ಯಾಸಿನಿಯಾಗಿ ಆ ಗೋಡೆಯ ಆಚೆ ಸೇರಿಕೊಂಡಿರುತ್ತಾಳೆ.

"ಲೇ ಮೆದಾರ್ಡ್, ನಿನ್ನ ಮೂರು ಗೂಡು ಬೇಕು. ನಾಳೆ ಒಂದು ಮಧ್ಯಾಹ್ನಕ್ಕೆ."

"ಯಾಕೆ, ತೀರ್ಪುಗಾರರಿಗೆ ಪಾರಿವಾಳದ ಸಾರು ಮಾಡ್ತೀಯಾ?"

"ಅವರನ್ನ ಅದರ ಮೇಲೆ ಕೂರಿಸ್ತೀನಿ."

ಸಾಮಂತ ತಗಡು ಸದ್ದು ಮಾಡುತ್ತ ನಕ್ಕ. ಪೂರ್ತಿ ಕತೆ ಕೇಳಿದ ಮೇಲೆ ನಗು ನಿಂತು ಹುಬ್ಬು ಗಂಟಾಯಿತು. "ಕೆಳಗಿನ ಎರಡು ಗೂಡು ಖಾಲಿ ಮಾಡಿ ಕೊಡ್ತೀನಿ. ಮೇಲಿಂದು ಆಗಲ್ಲ. ಅದು ಫ್ಲೋರಾದು."

ಫ್ಲೋರಾ ಅಂದರೆ ಪ್ಯಾರಿಸ್ಸಿನಿಂದ ನಾಲ್ಕು ಗಂಟೆಯಲ್ಲಿ ಮನೆಗೆ ಹಾರಿಬಂದ, ಮೂರು ಸಲ ಪಂದ್ಯ ಗೆದ್ದ ಹೆಣ್ಣುಹಕ್ಕಿ. ಪಂದ್ಯದ ದಿನ ಬಿಟ್ಟರೆ ಗೂಡು ಬಿಟ್ಟು ಇಳಿಯುವವಳಲ್ಲ.

"ಬೇರೆ ಗೂಡು ಇಡು."

"ಬೇರೆ ಆಗಲ್ಲ ಮೆದಾರ್ಡ್. ಆ ದಿನ ಯಾವ ಗೂಡು ಎಷ್ಟು ತಗ್ಗಿತ್ತೋ ಅಷ್ಟೇ ತಗ್ಗಬೇಕು. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಗೋಡೆ ಬಾಯಿ ಬಿಡುತ್ತೆ."

"ಹಾಗಾದ್ರೆ ಫ್ಲೋರಾ ಸಮೇತ ತಗೊಂಡು ಹೋಗು. ಆದ್ರೆ ಅವಳೇ ಮೇಲಿರ್ಬೇಕು. ಅವಳ ತಲೆ ಮೇಲೆ ಇನ್ನೊಂದು ಹಕ್ಕಿ ಇರೋದು ಅವಳಿಗೆ ಆಗಿಬರಲ್ಲ."

"ತೀರ್ಪುಗಾರರು ಹಕ್ಕಿಯಲ್ಲವಲ್ಲ."

ಮೆದಾರ್ಡ್ ಯೋಚಿಸಿದ. "ಅದೂ ಸರಿಯೇ. ಆದ್ರೆ ಧಡೂತಿಯಾಗಿದ್ರೆ ನಾನು ಒಪ್ಪಲ್ಲ. ಹೆಕ್ಟರ್‌ನಂಥೋರು ಕೂತ್ರೆ ನನ್ನ ಹೆಣ್ಣು ಚಪ್ಪಟೆ ರೊಟ್ಟಿ."

ಭಾನುವಾರ ಎರಡು ಗಂಟೆಯ ರೈಲಿಗೆ ರೊಮಾನಿ ತಾನೇ ನಿಲ್ದಾಣಕ್ಕೆ ಹೋದಳು, ತೀರ್ಪುಗಾರರ ತೂಕ ನೋಡಲು. ಇಳಿದವರು ಇಡೆಸ್‌ಬಾಲ್ಡ್ ಎಂಬ ಗುಬ್ಬಿಯಂಥ ಮನುಷ್ಯ. ಕಪ್ಪು ಕೋಟು, ಕೊಡೆ, ಬಿಳಿ ಗಡ್ಡ. ತೂಕದ ಚಿಂತೆ ಹೋಯಿತು, ಎತ್ತರದ್ದು ಹತ್ತಿತು. ಅವರ ಪಕ್ಕಪಕ್ಕದಲ್ಲೇ ನಡೆಯುತ್ತ, ಓರೆಗಣ್ಣಿನಲ್ಲಿ ಅಳೆಯುತ್ತ, ಮಾವನಿಗಿಂತ ನಾಲ್ಕು ಬೆರಳು ಗಿಡ್ಡ ಎಂದು ಲೆಕ್ಕ ಹಾಕಿದಳು. ನಾಲ್ಕು ಬೆರಳು ಎಂದರೆ ಎರಡು ಪ್ರಾರ್ಥನಾ ಪುಸ್ತಕ, ದೊಡ್ಡ ಅಕ್ಷರದ್ದು.

ಏಳನೆಯ ಸಾಲಿನಲ್ಲಿ, ನಡುಗುರ್ಚಿಯಿಂದ ಎಡಕ್ಕೆ ಎರಡನೆಯ ಜಾಗದಲ್ಲಿ, ಕುರ್ಚಿಗಳನ್ನು ಕಿತ್ತು, ಮೂರು ಗೂಡು ಪೇರಿಸಿ, ಮೇಲೆ ಎರಡು ಪುಸ್ತಕ, ಅದರ ಮೇಲೆ ಚರ್ಚಿನಿಂದ ಎರವಲು ತಂದ ಕೆಂಪು ಮಖಮಲ್ಲಿನ ಹೊದಿಕೆ ನೆಲದವರೆಗೂ ಇಳಿಬಿಟ್ಟಾಗಿತ್ತು. ಮುಂದೊಂದು ಕಾಲುಮಣೆ.

"ಇದೇನಿದು?" ಎಂದರು ಇಡೆಸ್‌ಬಾಲ್ಡ್.

"ಗೌರವಾಸನ ಸ್ವಾಮಿ. ನಮ್ಮೂರ ಪದ್ಧತಿ," ಎಂದಳು ರೊಮಾನಿ.

"ಅದ್ಯಾವಾಗಿಂದ ಪದ್ಧತಿ?" ಎಂದು ಹೆಕ್ಟರ್ ಬಾಯಿ ತೆರೆದ. ಸೆರಾಫೈನ್ ಅವನ ಕಾಲು ತುಳಿದು, "ನಿಮ್ಮಪ್ಪನ ಕಾಲದಿಂದ ಯಜಮಾನ್ರೇ. ನೀವಾಗ ಚಿಕ್ಕೋರು," ಎಂದ. ಅಪ್ಪನ ಹೆಸರು ಬಂದ ಮೇಲೆ ಹೆಕ್ಟರ್ ಮಾತಾಡುವುದುಂಟೇ! ಹಿಂದಿನ ಸಾಲಿನ ಹೆಂಗಸರು ಮಾತ್ರ, "ನಾವೇನು ಅವರ ಬೆನ್ನು ನೋಡೋಕೆ ಬಂದಿದ್ದೀವಾ?" ಎಂದು ಗೊಣಗುತ್ತ ಬೇರೆ ಸಾಲಿಗೆ ಎದ್ದು ಹೋದರು. ತೀರ್ಪುಗಾರರು ಗೂಡಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಸುತ್ತ ನೋಡಿದರು. ಅವರಿಗೆ ಆ ಎತ್ತರ ಹಿತವಾಗಿಯೇ ಇದ್ದ ಹಾಗಿತ್ತು. ಗಿಡ್ಡವರಿಗೆ ಯಾರು ತಾನೇ ಎತ್ತರ ಕೊಡುತ್ತಾರೆ.

ರೊಮಾನಿ ರಂಗದ ಪಕ್ಕದಲ್ಲಿ ಪರದೆಯ ಹಿಂದೆ ನಿಂತು ಸಂದಿನಿಂದ ಇಣುಕಿದಳು. ಕಾಲಲ್ಲಿ ಅಟ್ಟದ ಉಣ್ಣೆಯ ಕಾಲುಚೀಲವೇ ಇತ್ತು. ಬೂಟು ಹಾಕಿಕೊಳ್ಳುವುದು ಮರೆತಿದ್ದಳು.

ಮುಂಪರದೆ ಎದ್ದಿತು.

ಇಡೆಸ್‌ಬಾಲ್ಡ್ ಅವರ ಗಡ್ಡ ಮೆಲ್ಲಗೆ ಮೇಲೆದ್ದಿತು. ಬಾಯಿ ತೆರೆಯಿತು. ಕಣ್ಣು ಗೋಡೆಯ ಅಂಚು ಹಿಡಿದು ಮುಂದಿನಿಂದ ಹಿಂದಿನವರೆಗೆ ಓಡಿ ಹೋಗಿದ್ದು ರೊಮಾನಿಗೆ ಕಂಡಿತು. ಸಿಕ್ಕಿತು! ಕಣ್ಣು ಸರಿಯಾದ ಜಾಗದಲ್ಲಿ ಕೂತಿತು!

ಆದರೆ ಆ ಸಭೆಯಲ್ಲಿ ಕಣ್ಣು ಒಂದೇ ಇರಲಿಲ್ಲ, ಆರುನೂರು ಇದ್ದವು. ಅವಕ್ಕೆಲ್ಲ ಕಂಡದ್ದು ಕುಡಿದ ಗೋಡೆ. ಮೊದಲು ಒಂದು ಸಾಲು, ಆಮೇಲೆ ಇನ್ನೊಂದು ಸಾಲು, ಜನ ತಲೆಯನ್ನು ಎಡಕ್ಕೆ ವಾಲಿಸಿದರು, ಗಾಳಿಗೆ ಅಗಸೆ ಹೊಲ ವಾಲಿದ ಹಾಗೆ. ಅಲ್ಲೂ ಸರಿಹೋಗದೆ ಬಲಕ್ಕೆ ವಾಲಿದರು. ಮೆದಾರ್ಡ್ ಕವಚ ತೊಟ್ಟು ಗೋಡೆಯ ಪಕ್ಕ ನಡೆಯತೊಡಗಿದರೆ, ಗೋಡೆ ಅವನ ಹೆಗಲಿಗೊಮ್ಮೆ ಇಳಿಯಿತು, ನೆತ್ತಿಗೊಮ್ಮೆ ಏರಿತು. ನಡೆಯುವವನು ನೆಟ್ಟಗೆ ನಡೆಯುತ್ತಿದ್ದ. ನೋಡುವವರ ನೆಲ ತೂಗಾಡಿತು. ಒಬ್ಬಾಕೆ ಪಕ್ಕದವನ ತೋಳು ಹಿಡಿದುಕೊಂಡಳು. ಆಮೇಲೆ ಆ ಪಕ್ಕದವನು ತನ್ನ ಗಂಡನಲ್ಲ ಎಂದು ಗೊತ್ತಾಗಿ ಕಿಲಕಿಲ ನಕ್ಕಳು. ನಗು ಸಾಲಿನಿಂದ ಸಾಲಿಗೆ ಜಿಗಿಯಿತು.

"ಹೆಕ್ಟರ್ ಯಜಮಾನ್ರೇ," ಎಂದು ಹಿಂದಿನಿಂದ ಯಾರೋ ಕೂಗಿದರು, "ಈ ಸಲದ ಬಿಯರ್‌ಗೆ ಏನು ಹಾಕಿದ್ದೀರಿ?"

"ಏನೂ ಹಾಕಿಲ್ಲ! ಬಾರ್ಲಿ ಬಿಟ್ರೆ ಏನೂ ಇಲ್ಲ!" ಹೆಕ್ಟರ್ ಎದ್ದು ನಿಂತು ಎದೆ ಮುಟ್ಟಿಕೊಂಡ. ನಿಂತ ಹೊಡೆತಕ್ಕೆ ಅವನ ಕಣ್ಣಿಗೂ ಗೋಡೆ ಕುಣಿಯಿತು. ಧೊಪ್ಪನೆ ಕೂತ.

"ಸದ್ದು!" ಎಂದರು ಇಡೆಸ್‌ಬಾಲ್ಡ್, ಎತ್ತರದಿಂದ. ಅವರ ಕಣ್ಣಲ್ಲಿ ನೀರಿತ್ತು. "ಇಷ್ಟು ದುಃಖದ ನಾಟಕಕ್ಕೆ ನಗ್ತೀರಲ್ಲ, ನಿಮಗೆ ಹೃದಯ ಇಲ್ವಾ?"

ಸಭೆ ಕರವಸ್ತ್ರ ಬಾಯಿಗೆ ತುರುಕಿಕೊಂಡಿತು. ರೊಮಾನಿ ಪರದೆಯ ಹಗ್ಗ ಕಚ್ಚಿಕೊಂಡಳು. ಈ ಅಂಕ ಮುಗಿಯಲು ಇನ್ನು ಅರ್ಧ ಗಂಟೆ. ಅರ್ಧ ಗಂಟೆ ಇವರು ನಗದೆ ಇದ್ದರೆ, ತೀರ್ಪುಗಾರರು ಗೂಡಿನಿಂದ ಇಳಿಯದೆ ಇದ್ದರೆ!

ಅಷ್ಟರಲ್ಲಿ ಮೆದಾರ್ಡ್ ಮಂಡಿಯೂರಿ, ಎರಡೂ ಕೈ ಚಾಚಿ, ಕಸಾಯಿಯ ಗಂಟಲು ಪೂರ್ತಿ ತೆರೆದು ಗರ್ಜಿಸಿದ: "ಓ ಗೋಡೆಯೇ! ಯಾವ ಫಿರಂಗಿಯೂ ಬಿರುಕು ಬಿಡಿಸದ ಗೋಡೆಯೇ!"

ಕರವಸ್ತ್ರಗಳೆಲ್ಲ ಒಂದೇ ಸಲ ಹಾರಿದವು. ಆ ನಗುವಿಗೆ ಗ್ಯಾಸ್ ದೀಪಗಳು ಮಿಣುಕಿದವು. ಒಡೆಯನ ದನಿ ಕೇಳಿದ ಫ್ಲೋರಾ ಸುಮ್ಮನಿರುತ್ತಾಳೆಯೇ? ಮಖಮಲ್ಲಿನ ಒಳಗಿಂದ, ತೀರ್ಪುಗಾರರ ಕುಂಡೆಯ ಕೆಳಗಿನಿಂದಲೇ, "ಗುಟುರ್... ಗುಟುರ್... ಗುಟುರ್..." ಎಂದು ಉತ್ತರ ಕೊಟ್ಟಳು.

ಇಡೆಸ್‌ಬಾಲ್ಡ್ ಬೆಚ್ಚಿದರು. ಕೋಟಿನ ಹಿಂಬದಿ ಮುಟ್ಟಿ ನೋಡಿಕೊಂಡರು. "ನಾನಲ್ಲ," ಎಂದರು ಪಕ್ಕದವರಿಗೆ. ಆಮೇಲೆ ಕಾಲುಮಣೆ ಮೇಲೆ ಹೆಜ್ಜೆಯಿಟ್ಟು ಇಳಿದು, ಹೊದಿಕೆ ಎತ್ತಿ ಬಗ್ಗಿ ನೋಡಿದರು. ಫ್ಲೋರಾ ಅವರನ್ನು ನೋಡಿದಳು. ಅವರು ತಲೆ ಎತ್ತಿ ರಂಗ ನೋಡಿದರು.

ಗೋಡೆ ಆರು ತುಂಡಾಗಿತ್ತು.

ರೊಮಾನಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು. ಹೆಕ್ಟರನ ಭಾವಮೈದ ಕಾಗದದ ಸುರುಳಿ ಹೊತ್ತು ಅಟ್ಟದ ಮೆಟ್ಟಿಲು ಹತ್ತುವುದು, ತನ್ನ ಅಂಟಿನ ಪಾತ್ರೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುವುದು, ಎಲ್ಲ ಕಣ್ಣ ಮುಂದೆ ಬಂತು. ಬರೆಯದೆ ಉಳಿದ ಕಡಲುಗಳು ಬಂದವು. ಆದರೆ ಸಭೆಯಿಂದ ಬರುತ್ತಿದ್ದ ಸದ್ದು ಬೇರೆಯೇ ಇತ್ತು. ಒಂದು ಕಣ್ಣು ತೆರೆದಳು.

ತೀರ್ಪುಗಾರರು ಗೂಡು ಹತ್ತುತ್ತಿದ್ದರು. ಕೂತರು. "ಓ!" ಎಂದರು. ಇಳಿದರು. "ಅಯ್ಯಯ್ಯೋ!" ಎಂದರು. ಹತ್ತಿದರು. "ಓ!" ಇಳಿದರು. "ಅಯ್ಯಯ್ಯೋ!" ಇಡೀ ಸಭೆ ರಂಗಕ್ಕೆ ಬೆನ್ನು ಹಾಕಿ ಅವರನ್ನೇ ನೋಡುತ್ತ, ಮೂರನೆಯ ಸಲಕ್ಕೆ ಅವರ ಜೊತೆ ತಾನೂ "ಓ!" ಎನ್ನಲು ಶುರುಮಾಡಿತು. ಮೆದಾರ್ಡ್ ಮಂಡಿಯೂರಿದ್ದ ಹಾಗೇ ಕುತ್ತಿಗೆ ಚಾಚಿ, "ಮುಂದಕ್ಕೆ ಹೇಳ್ಲಾ, ಬೇಡ್ವಾ?" ಎಂದು ಕೇಳಿದ.

"ಹೇಳಿ, ಹೇಳಿ!" ಎಂದರು ಇಡೆಸ್‌ಬಾಲ್ಡ್, ಅರ್ಧ ಹತ್ತಿದಲ್ಲಿಂದಲೇ. "ಇಲ್ಲ, ನಿಲ್ಸಿ! ಇದನ್ನ ಬರೆದೋರು ಯಾರು? ಕರೀರಿ!"

ರೊಮಾನಿ ಕಾಲುಚೀಲದಲ್ಲೇ ರಂಗದ ಮೇಲೆ ಬಂದಳು. ಬೆತ್ತಲೆಯಾಗಿ ಬಂದ ಹಾಗೆ ಅನಿಸಿತು. ಇಷ್ಟು ವರ್ಷ ಅವಳ ಕಾಡು ಕಡಲು ನೋಡಿದ ಜನ ಅವಳನ್ನು ರಂಗದ ಮೇಲೆ ನೋಡಿದ್ದು ಅದೇ ಮೊದಲು.

"ನೀನೇನಾ ತಾಯಿ? ನನಗೆ ಗೌರವಾಸನ ಅಂತ ಹೇಳಿ ಹಕ್ಕಿ ಮೇಲೆ ಕೂರಿಸಿದ್ದು ನೀನೇ ಅಲ್ವಾ?"

"ಹೌದು ಸ್ವಾಮಿ."

"ಇದು ಚಮತ್ಕಾರಾನಾ, ತಪ್ಪಾ?"

ಚಮತ್ಕಾರ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮುಂದಿನ ಸಾಲಿನಲ್ಲಿ ಸೆರಾಫೈನ್ ಹಾಲುಗಣ್ಣಿನಲ್ಲಿ ಅವಳು ನಿಂತ ದಿಕ್ಕಿಗೆ ಮುಖ ಎತ್ತಿ ಕೂತಿದ್ದ.

"ತಪ್ಪು ಸ್ವಾಮಿ. ಕಣ್ಣು ನೆಟ್ಟಿದ್ದು ಪಾರಿವಾಳದ ಗೂಡಿನ ಮೇಲೆ. ದಾರ ನೋಡಿದೆ, ಗೂಡು ನೋಡ್ಲಿಲ್ಲ. ಒಂದೊಂದು ಸಂದಿಗೆ ಒಂದೊಂದು ಮರ ನೆಟ್ಟಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನೆಡಲಿಲ್ಲ. ಜಂಬ."

"ಜಂಬ!" ಎಂದರು ಇಡೆಸ್‌ಬಾಲ್ಡ್. ಗಡ್ಡ ಅಲುಗತೊಡಗಿತು. ಆಮೇಲೆ ಗುಬ್ಬಿಮೈ ಪೂರ್ತಿ ಅಲುಗಿತು. ಅವರು ನಗುತ್ತಿದ್ದರು. "ಮೂವತ್ತು ವರ್ಷದಿಂದ ಊರೂರು ತಿರುಗ್ತಿದ್ದೀನಮ್ಮ. ಎಲ್ಲಾ ಕಡೆ ನನಗೆ ನಡುಗುರ್ಚಿ. ಎಲ್ಲಾ ಕಡೆ ಗೋಡೆ ನೆಟ್ಟಗೆ. ಮೂಲೇಲಿ ಕೂತೋರಿಗೆ ಏನು ಕಾಣುತ್ತೆ ಅನ್ನೋದು ಇವತ್ತೇ ನನಗೆ ಗೊತ್ತಾಗಿದ್ದು. ಎಲ್ಲಾರೂ ಬಂದು ಒಂದ್ಸಲ ಇಲ್ಲಿಂದ ನೋಡ್ಲಿ! ಆಮೇಲೆ ನಾಟಕ!"

ಅಷ್ಟು ಸಾಕಾಯಿತು. ಆರುನೂರು ಕಣ್ಣು ಒಟ್ಟಿಗೆ ಎದ್ದವು. ಸಾಲು ಏಳನೆಯ ಸಾಲಿನಿಂದ ಹೊರಟು, ನಡುದಾರಿ ಹಿಡಿದು, ಬಾಗಿಲು ದಾಟಿ, ಸಂತೆ ಚೌಕದವರೆಗೂ ಹೋಯಿತು. ಟಿಕೆಟ್ಟಿಲ್ಲದವರೂ ಸೇರಿಕೊಂಡರು. ಒಬ್ಬೊಬ್ಬರೂ ಹತ್ತಿ "ಓ!", ಇಳಿದು "ಅಯ್ಯಯ್ಯೋ!" ಅಂಚೆಯವನು ಎರಡು ಸಲ ಹತ್ತಿದ್ದಕ್ಕೆ ಹಿಂದಿನವರು ಅವನ ಟೋಪಿ ಕಿತ್ತುಕೊಂಡರು. ಪಾದ್ರಿಗಳು ಹತ್ತಿ, ತಾವು ಪ್ರಾರ್ಥನಾ ಪುಸ್ತಕದ ಮೇಲೆ ಕೂತಿದ್ದೇವೆಂದು ತಿಳಿಯದೆ, "ದೇವರ ಮಹಿಮೆ," ಎಂದು ಇಳಿದರು. ಸೆರಾಫೈನನನ್ನೂ ಇಬ್ಬರು ಎತ್ತಿ ಕೂರಿಸಿದರು. ಅವನಿಗೆ ಮೇಲೂ ಒಂದೇ ಕೆಳಗೂ ಒಂದೇ, ಆದರೂ ಎಲ್ಲರಿಗಿಂತ ಗಟ್ಟಿಯಾಗಿ "ಓ!" ಎಂದ.

ಹೆಕ್ಟರ್ ಮಾತ್ರ ತೀರ್ಪುಗಾರರ ಕೋಟು ಜಗ್ಗುತ್ತ ನಿಂತಿದ್ದ. "ಸ್ವಾಮಿ, ಮೂಲೇಲಿ ಕೂತೋರಿಗೆ ಏನು ಕಾಣುತ್ತೆ ಅಂದ್ರಲ್ಲ, ಅದು ಪರದೆ ಬಗ್ಗೆ ಒಳ್ಳೆ ಮಾತೋ, ಕೆಟ್ಟ ಮಾತೋ? ನನಗೆ ಖಚಿತವಾಗಿ ಬೇಕು. ಬೀಗದ ಕೈ ವಿಷಯ ಇದೆ."

"ನೀವೇ ಹತ್ತಿ ನೋಡಿ ಹೇಳಿ!"

"ಬೇಡ!" ಎಂದು ರಂಗದಿಂದ ಸಾಮಂತ ಚೀರಿದ. "ಯಜಮಾನ್ರೇ ಬೇಡ! ನನ್ನ ಫ್ಲೋರಾ!"

ಹೆಕ್ಟರ್ ಆಗಲೇ ಕಾಲುಮಣೆ ಮೇಲಿದ್ದ. ಬೆತ್ತ ಕಿರ್ರೆಂದಿತು. ಕೂತ. ಕೂತವನ ಮುಖದ ಮೇಲೆ ಮೊದಲು ಏನೂ ಇರಲಿಲ್ಲ. ಆಮೇಲೆ ದೊಡ್ಡ ಕೆನ್ನೆಗಳು ಮೆಲ್ಲಗೆ ಇಳಿದವು, ಹುಬ್ಬು ಏರಿತು. ಆ ಮುಖದಲ್ಲಿ ಎಂಟು ವರ್ಷದ ಹುಡುಗನೊಬ್ಬ ಇಣುಕಿದ. "ಅಲ್ಲಾ," ಎಂದ ಪಿಸುದನಿಯಲ್ಲಿ, "ಅದರ ಪಕ್ಕ ನಡ್ಕೊಂಡು ಹೋಗಬಹುದಲ್ಲೋ..."

ಮಾತು ಮುಗಿಯುವ ಮೊದಲೇ ಗೂಡುಗಳು ಲಟಲಟ ಎಂದವು. ಮಖಮಲ್ಲು, ಪುಸ್ತಕ, ಅಧ್ಯಕ್ಷ ಎಲ್ಲವೂ ಪಕ್ಕಕ್ಕೆ ಉರುಳಿದವು. ಆ ರಾಶಿಯಿಂದ ಫ್ಲೋರಾ ಚಿಮ್ಮಿ ಮೇಲಕ್ಕೆ ಹಾರಿದಳು.

ಸಭೆ ಕತ್ತು ಮೇಲೆತ್ತಿತು. ಹಕ್ಕಿ ದೀಪಗಳ ಸುತ್ತ ಒಂದು ಸುತ್ತು ಹಾಕಿ, ನೆಟ್ಟಗೆ ರಂಗದ ಕಡೆ, ಗೋಡೆಯ ಕಡೆ ಹೋಯಿತು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು: ಕೂರುತ್ತೆ, ಈಗ ಕೂರುತ್ತೆ! ಫ್ಲೋರಾ ಬರೆದ ಅಂಚಿನ ಹತ್ತಿರ ರೆಕ್ಕೆ ಬಡಿದಳು. ನೋಡಿದಳು. ತಿರುಗಿ ಬಂದು ಮೆದಾರ್ಡನ ಶಿರಸ್ತ್ರಾಣದ ಮೇಲೆ ಕೂತು ಗುಟುರು ಹಾಕಿದಳು.

"ಹಕ್ಕಿಗೆ ಬುದ್ಧಿ ಇದೆ," ಎಂದ ಸೆರಾಫೈನ್, ಯಾರೋ ಹೇಳಿದ್ದು ಕೇಳಿ. "ಮನುಷ್ಯರಿಗೆ ಮೋಸ ಮಾಡಿದ್ರೆ ಸಾಕು ಕಣೇ ಕೂಸೇ, ಅವರೇ ಟಿಕೆಟ್ ತಗೊಳ್ಳೋದು."

ನೆಲದ ಮೇಲಿನಿಂದ ಹೆಕ್ಟರನ ಕೈಯೊಂದು ಮೇಲೆದ್ದಿತು. ಬೆರಳಲ್ಲಿ ತೂಗುತ್ತಿದ್ದದ್ದು ಪಂದ್ಯದ ದಿನಕ್ಕೆಂದು ಸೆರಾಫೈನನಿಂದ ತೆಗೆದಿಟ್ಟುಕೊಂಡಿದ್ದ ಅಟ್ಟದ ಬೀಗದ ಕೈ. "ಒಳ್ಳೆ ಮಾತು," ಎಂದ, ಮಖಮಲ್ಲಿನ ಒಳಗಿಂದಲೇ. "ಅವರು ಆಡಿದ್ದು ಒಳ್ಳೆ ಮಾತೇ. ಆಡ್ಲಿಲ್ಲ ಅಂದ್ರೆ ನಾನು ಆಡ್ತೀನಿ. ತಗೊಳ್ಳಮ್ಮ. ಯಾರಾದ್ರೂ ನನ್ನ ಎಬ್ಬಿಸ್ರೋ, ನೆಲ... ನೆಲ ಯಾವ ಕಡೆ ಇದೆ?"

ಪಂದ್ಯದಲ್ಲಿ ಕಾಡುಗುಲಾಬಿ ಬಳಗಕ್ಕೆ ಬಂದದ್ದು ಮೂರನೆಯ ಬಹುಮಾನ, ಇದ್ದ ನಾಲ್ಕು ಬಳಗಗಳಲ್ಲಿ. ಸಾಮಂತ ಕೊನೆಯ ಅಂಕವನ್ನೆಲ್ಲ ತಲೆಯ ಮೇಲೆ ಪಾರಿವಾಳ ಹೊತ್ತುಕೊಂಡೇ ಆಡಿದನಲ್ಲ, ಅದಕ್ಕಿಂತ ಹೆಚ್ಚು ಕೊಡಲು ಬರುವಂತಿರಲಿಲ್ಲ. ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಮುಂದಿನ ಎರಡು ಭಾನುವಾರದ ಆಟಕ್ಕೂ ಮರ ನೆಡಕೂಡದು ಎಂದು ಊರವರು ಹೋಗುವಾಗಲೇ ತಾಕೀತು ಮಾಡಿದರು. ಪಕ್ಕದೂರಿನ ನೆಂಟರನ್ನು ಕರೆದಾಗಿತ್ತಂತೆ.

ಎಲ್ಲರೂ ಬಿಯರ್ ಅಂಗಡಿಗೆ ಹೋದ ಮೇಲೆ ಸಭಾಂಗಣದಲ್ಲಿ ಉಳಿದವರು ಮಾವ ಸೊಸೆ ಇಬ್ಬರೇ. ಊರೆಲ್ಲ ಹತ್ತಿಳಿದ ಆ ಸಿಂಹಾಸನವನ್ನು ರೊಮಾನಿ ಒಮ್ಮೆಯೂ ಹತ್ತಿರಲಿಲ್ಲ. ಮುರಿದ ಗೂಡುಗಳನ್ನು ತಟ್ಟಿ ತಿದ್ದಿ ಮತ್ತೆ ಪೇರಿಸಿದಳು. ಪುಸ್ತಕ ಎರಡನ್ನೂ ಇಟ್ಟಳು. ಮುಂಡಂಗಿಯ ಜೇಬಿನಲ್ಲಿ ಬೀಗದ ಕೈ ತೊಡೆಗೆ ತಣ್ಣಗೆ ತಾಗುತ್ತಿತ್ತು. ಸೆರಾಫೈನ್ ಕೆಳಗೆ ಗೂಡು ಹಿಡಿದುಕೊಂಡ. ಅವಳು ಹತ್ತಿ ಕೂತು, ಕಾಲು ಇಳಿಬಿಟ್ಟು, ತನ್ನ ಗೋಡೆಯನ್ನು ನೋಡಿದಳು.

"ಹೇಗಿದೆ?" ಎಂದ ಮಾವ.

"ಮೂರನೇ ಪರದೆ ಹತ್ರ ಒಂದು ಬೆರಳು ಜಗ್ಗಿದೆ."

"ಅದು ಹೆಕ್ಟರ್ ಕೂತಿದ್ದಕ್ಕೆ. ಗೂಡು ತಗ್ಗಿದೆ." ಮುದುಕ ನಕ್ಕ. "ಈಗಲಾದ್ರೂ ಒಂದು ಮರ ನೆಡ್ತೀಯೇನೇ?"

"ಇಲ್ಲ ಮಾವ," ಎಂದು ರೊಮಾನಿ ಕೈ ಚಾಚಿದಳು. "ಇನ್ನೊಂದು ಪುಸ್ತಕ ಕೊಡಿ."